ಆ 170 ಪೌಂಡ್ ಯಾರದು?

ಕಳೆದ ದೀಪಾವಳಿಗೆ ಅಕ್ಕನ ಮಗ ಮೈಸೂರಿನ ನಮ್ಮ ಮನೆಗೆ ಬಂದಾಗ ಕಂಪ್ಯೂಟರು, ಜಾಯ್‌ಸ್ಟಿಕ್ಕು ಎಲ್ಲ ಕಾರಿನಲ್ಲಿ ಹಾಕಿಕೊಂಡು ಬಂದಿದ್ದ. ಊಟ ಆದ ಮೇಲೆ ನಡುಮನೆಯ ಮೇಜಿನ ಮೇಲೆ ಎಲ್ಲ ಜೋಡಿಸಿ, "ಚಿಕ್ಕಮ್ಮ ಬನ್ನಿ, ಜಕ್ಕೂರಿನಿಂದ ಹಾರೋಣ" ಅಂದ. ಜಕ್ಕೂರು ಅಂದರೆ ಬೆಂಗಳೂರಿನ ಸಣ್ಣ ವಿಮಾನಗಳ ನಿಲ್ದಾಣ. ಹಾರುವುದು ಕಂಪ್ಯೂಟರಿನಲ್ಲಿ, ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್. ವಿಮಾನ ಸೆಸ್ನಾ 172, ನಾಲ್ಕು ಸೀಟಿನ ಸಣ್ಣದು. ಹಾರುವ ಮುಂಚೆ ತೂಕದ ಪುಟ ಒಂದು ಕ್ಷಣ ತೆರೆದು ಮುಚ್ಚಿದ. ನನ್ನ ಕಣ್ಣು ಅಲ್ಲೇ ಸಿಕ್ಕಿಕೊಂಡಿತು. ಪೈಲಟ್ ಎಂಬ ಸಾಲಿನ ಮುಂದೆ 170 ಪೌಂಡ್ ಅಂತ ಇತ್ತು.

"ಇದು ಯಾರ ತೂಕ?" ಅಂತ ಕೇಳಿದೆ.

"ಯಾರದೂ ಅಲ್ಲ ಚಿಕ್ಕಮ್ಮ. ಅದು ಹಾಗೇ ಬಂದಿರುತ್ತೆ."

ಅವನ ತೂಕ 92 ಕಿಲೋ. ಪೌಂಡ್ ಲೆಕ್ಕದಲ್ಲಿ 203. ನನ್ನದು 54 ಕಿಲೋ, ಅಂದರೆ 119 ಪೌಂಡ್. 170 ಪೌಂಡ್ ಅಂದರೆ 77 ಕಿಲೋ. ನಾವಿಬ್ಬರೂ ಅಲ್ಲದ ಒಬ್ಬ ಮನುಷ್ಯ ನಮ್ಮ ಸೀಟಿನಲ್ಲಿ ಕೂತಿದ್ದ. ನನಗೆ ಅದನ್ನು ಹಾಗೇ ಬಿಡಲು ಆಗಲಿಲ್ಲ. ಅಂದಿನಿಂದ ಇಲ್ಲಿಯವರೆಗೆ ಬಿಡುವಾದಾಗಲೆಲ್ಲ ಇದನ್ನೇ ನೋಡುತ್ತಿದ್ದೇನೆ. ಈ ಸಿಮ್ಯುಲೇಟರ್‌ಗಳು ಮನುಷ್ಯರ ತೂಕವನ್ನು ಎಷ್ಟು ನಿಜವಾಗಿ ಲೆಕ್ಕ ಹಾಕುತ್ತವೆ?

ನನಗೆ ಯಾಕಿಷ್ಟು ಆಸಕ್ತಿ ಅಂತ ಹೇಳಬೇಕು. ಬೆಂಗಳೂರಿನ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ನಾನು 11 ವರ್ಷ ಲೋಡ್ ಅಂಡ್ ಟ್ರಿಮ್ ಶೀಟ್ ಬರೆದವಳು. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಆಗ ನಾನು ಆ ಕೆಲಸ ಬಿಟ್ಟೆ. ಎಷ್ಟು ಜನ, ಎಷ್ಟು ಸಾಮಾನು, ಎಷ್ಟು ಇಂಧನ, ಯಾವುದು ಎಲ್ಲಿ, ಇದೆಲ್ಲ ಕೂಡಿಸಿ ವಿಮಾನದ ತೂಕ ಎಷ್ಟು, ಅದರ ಸಮತೋಲ ಎಲ್ಲಿದೆ ಅಂತ ಕಾಗದದ ಮೇಲೆ ಗೆರೆ ಎಳೆದು ತೋರಿಸುವ ಕೆಲಸ ಅದು. ಕ್ಯಾಪ್ಟನ್ ಸಹಿ ಹಾಕಿದ ಮೇಲೇ ವಿಮಾನ ಅಲ್ಲಾಡುವುದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಮತೋಲ ಅಂದರೇನು ಅಂತ ನನಗೆ ಯಾರೂ ವಿವರಿಸಬೇಕಾಗಿ ಬರಲಿಲ್ಲ. ಮಂಡ್ಯದ ಕಡೆ ನಮ್ಮ ತಾತ ಎತ್ತಿನ ಗಾಡಿಗೆ ಕಬ್ಬು ತುಂಬಿಸುವುದನ್ನು ನೋಡಿದ್ದೆ. ಹಿಂದೆ ಭಾರ ಜಾಸ್ತಿಯಾದರೆ ನೊಗ ಎತ್ತಿನ ಹೆಗಲಿನಿಂದ ಮೇಲೆ ಏಳುತ್ತದೆ. ಮುಂದೆ ಜಾಸ್ತಿಯಾದರೆ ಎತ್ತಿನ ಕುತ್ತಿಗೆ ಬಗ್ಗಿಹೋಗುತ್ತದೆ. ಗಾಡಿ ಹೊಡೆಯುವವನು ಒಂದು ಗೇಣು ಹಿಂದಕ್ಕೋ ಮುಂದಕ್ಕೋ ಸರಿದು ಕೂತರೆ ಸರಿಹೋಗುತ್ತದೆ. ವಿಮಾನದಲ್ಲೂ ಇಷ್ಟೇ. ಅಚ್ಚಿನ ಜಾಗದಲ್ಲಿ ರೆಕ್ಕೆ ಇದೆ.

ಮೊದಲು ಆ 170ರ ವಿಷಯ. ಅದು ಸಿಮ್ಯುಲೇಟರ್ ಮಾಡಿದವರು ಸುಮ್ನೆ ಬರೆದ ಅಂಕಿ ಅಲ್ಲ. ಅಮೆರಿಕದ ಸಣ್ಣ ವಿಮಾನಗಳ ವಿನ್ಯಾಸದ ಹಳೆಯ ನಿಯಮದಲ್ಲಿ ಸಾಮಾನ್ಯ ವರ್ಗದ ವಿಮಾನಕ್ಕೆ ಒಬ್ಬೊಬ್ಬರಿಗೆ 170 ಪೌಂಡ್ ಹಿಡಿಯಬೇಕು ಅಂತ ಇತ್ತು. ಪ್ಯಾರಾಶೂಟ್ ಕಟ್ಟಿಕೊಳ್ಳಬೇಕಾಗಬಹುದಾದ ಏರೋಬ್ಯಾಟಿಕ್, ಅಂದರೆ ಆಕಾಶದಲ್ಲಿ ಕಸರತ್ತು ಮಾಡುವ ವಿಮಾನಗಳಿಗೆ 190. ವಿನ್ಯಾಸ ಮಾಡುವವರಿಗೆ ಒಂದು ಅಂಕಿ ಬೇಕಿತ್ತು, ಕೊಟ್ಟರು. ಅದೇ ಅಂಕಿ ಸಿಮ್ಯುಲೇಟರ್‌ಗಳ ಫೈಲಿಗೆ ಬಂದು ಕೂತಿತು. ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಸ್ಟೇಷನ್ ಲೋಡ್ ಅಂತ ಒಂದು ಸಾಲು ಇರುತ್ತದೆ. ಅದರಲ್ಲಿ ತೂಕ, ಆಮೇಲೆ ಮೂರು ಅಂಕಿಗಳು. ಹಿಂದೆ ಮುಂದೆ ಎಷ್ಟು, ಎಡ ಬಲ ಎಷ್ಟು, ಮೇಲೆ ಕೆಳಗೆ ಎಷ್ಟು. ಫ್ಲೈಟ್‌ಗಿಯರ್ ಎಂಬ ಉಚಿತ ಸಿಮ್ಯುಲೇಟರ್‌ನಲ್ಲೂ ಇದೇ ರೀತಿ. ಅಲ್ಲಿ ಪೈಲಟ್‌ನನ್ನು ಪಾಯಿಂಟ್ ಮಾಸ್ ಅನ್ನುತ್ತಾರೆ. ಮನುಷ್ಯ ಅಂದರೆ ಗಾಳಿಯಲ್ಲಿ ತೂಗುವ ಒಂದು ಚುಕ್ಕೆ, ಅದಕ್ಕೆ ಒಂದು ತೂಕ.

ಇದನ್ನು ಓದಿದಾಗ ನನಗೆ ಸಂತೋಷವಾಯಿತು. ಯಾಕೆಂದರೆ ನಾನು 11 ವರ್ಷ ಮಾಡಿದ್ದೂ ಅದನ್ನೇ. ತೂಕವನ್ನು ದೂರದಿಂದ ಗುಣಿಸುವುದು, ಎಲ್ಲ ಕೂಡಿಸುವುದು, ಒಟ್ಟು ತೂಕದಿಂದ ಭಾಗಿಸುವುದು. ಸಿಮ್ಯುಲೇಟರ್ ಈ ಲೆಕ್ಕವನ್ನು ನಮಗಿಂತ ಚೆನ್ನಾಗಿ ಮಾಡುತ್ತದೆ. ಇಂಧನ ಖರ್ಚಾದ ಹಾಗೆಲ್ಲ ಮತ್ತೆ ಮತ್ತೆ ಮಾಡುತ್ತದೆ.

ಹಾಗಾದರೆ ಅಂಕಿ ಬದಲಾಯಿಸಿದರೆ ವ್ಯತ್ಯಾಸ ಗೊತ್ತಾಗುತ್ತದಾ? ಪರೀಕ್ಷೆ ಮಾಡಿದೆವು. ಜಕ್ಕೂರು ಇದಕ್ಕೆ ಒಳ್ಳೆ ಜಾಗ. ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಎತ್ತರ. 30 ಡಿಗ್ರಿ ಬಿಸಿಲಿನ ಮಧ್ಯಾಹ್ನ ಅಲ್ಲಿನ ಗಾಳಿ ಸುಮಾರು 5500 ಅಡಿ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುವುದು ಇದಕ್ಕೇ. ಸಮುದ್ರದ ಪಕ್ಕದ ಮಂಗಳೂರಿನ ಕಡೆ ಮುಚ್ಚಿಹೋಗುವ ತೂಕದ ತಪ್ಪು ಇಲ್ಲಿ ಎದ್ದು ಕಾಣುತ್ತದೆ.

ಮೊದಲು ನಾನೊಬ್ಬಳೇ. ಪೈಲಟ್ ಸಾಲಿನಲ್ಲಿ 119 ಹಾಕಿದೆ. ಪಕ್ಕದ ಸೀಟನ್ನು ಸೊನ್ನೆ ಮಾಡಿದೆ. ಇದನ್ನು ಬಹಳ ಜನ ಮರೆಯುತ್ತಾರೆ. ಎಷ್ಟೋ ವಿಮಾನಗಳಲ್ಲಿ ಪಕ್ಕದ ಸೀಟಿನಲ್ಲಿ ಯಾರೂ ಕಾಣದಿದ್ದರೂ ಅಲ್ಲಿ ಇನ್ನೊಂದು 170 ಕೂತಿರುತ್ತದೆ. ಒಬ್ಬರೇ ಹಾರುತ್ತಿದ್ದೇವೆ ಅಂದುಕೊಂಡು ಇಬ್ಬರ ಭಾರ ಹೊತ್ತು ಹಾರುತ್ತಿರುತ್ತೇವೆ. ಅದನ್ನು ತೆಗೆದ ಕೂಡಲೇ ವಿಮಾನ ಹಗುರಾಗಿ ಎದ್ದಿತು. ನಿಮಿಷಕ್ಕೆ 750 ಅಡಿಗಿಂತ ಜಾಸ್ತಿ ಏರಿತು. ಜೊತೆಗೆ ಎಡಕ್ಕೆ ಸ್ವಲ್ಪ ವಾಲುತ್ತಿತ್ತು. ಎಡ ಸೀಟಿನಲ್ಲಿ ಮಾತ್ರ ಜನ ಇದ್ದರೆ ಹಾಗೆ ಆಗಲೇಬೇಕು. ಸೆಸ್ನಾ 172ರಲ್ಲಿ ಪಕ್ಕಕ್ಕೆ ವಾಲುವುದನ್ನು ಸರಿ ಮಾಡುವ ಟ್ರಿಮ್ ಚಕ್ರ ಇಲ್ಲ, ಕೈಯಲ್ಲೇ ಹಿಡಿಯಬೇಕು. ಸಿಮ್ಯುಲೇಟರ್ ಅದನ್ನೂ ಬಿಟ್ಟಿಲ್ಲ.

ಆಮೇಲೆ ನಾಲ್ಕು ಜನ. ನಾನು, ಅಕ್ಕನ ಮಗ ಮುಂದೆ. ಅವನ ಹೆಂಡತಿ 62 ಕಿಲೋ, ಅವನ ತಮ್ಮ 85 ಕಿಲೋ, ಅವರಿಬ್ಬರೂ ಹಿಂದೆ. ಕಂಪ್ಯೂಟರ್ ಮುಟ್ಟುವ ಮುಂಚೆ ನಾನು ಕಾಗದ ತೆಗೆದುಕೊಂಡೆ. ಅಭ್ಯಾಸ. ಖಾಲಿ ವಿಮಾನಕ್ಕೆ 1680 ಪೌಂಡ್ ಹಿಡಿದೆ. 40 ಗ್ಯಾಲನ್ ಪೆಟ್ರೋಲು, ಗ್ಯಾಲನ್‌ಗೆ 6 ಪೌಂಡ್, ಒಟ್ಟು 240. ನಾಲ್ಕು ಜನ ಸೇರಿ 646. ಎಲ್ಲ ಕೂಡಿಸಿದರೆ 2566. ಈ ವಿಮಾನ ಹಾರಬಹುದಾದ ಗರಿಷ್ಠ ತೂಕ 2550 ಪೌಂಡ್. 16 ಪೌಂಡ್ ಜಾಸ್ತಿ! ನಾಲ್ಕೂ ಸೀಟಿಗೆ 170ರಂತೆ ಹಾಕಿದ್ದರೆ 50 ಪೌಂಡ್ ಜಾಸ್ತಿ ಆಗುತ್ತಿತ್ತು. ನಾಲ್ಕು ಸೀಟಿನ ವಿಮಾನ ಅಂದರೆ ನಾಲ್ಕು ದೊಡ್ಡವರು ಮತ್ತು ತುಂಬಿದ ಟ್ಯಾಂಕು ಎರಡೂ ಅಲ್ಲ. ಸಣ್ಣ ವಿಮಾನ ಹಾರಿಸುವವರಿಗೆಲ್ಲ ಗೊತ್ತಿರುವ ಮಾತು ಇದು. ಸಿಮ್ಯುಲೇಟರ್‌ನಲ್ಲಿ ಮಾತ್ರ ಆಡಿದವರಿಗೆ ಬಹಳ ಸಲ ಗೊತ್ತಿರುವುದಿಲ್ಲ. ಯಾಕೆಂದರೆ ಅಂಕಿ ಮಿತಿ ದಾಟಿದರೂ ಸಿಮ್ಯುಲೇಟರ್ ಹಾರಲು ಬಿಡುತ್ತದೆ. ನನ್ನ ಮೇಜಿನಿಂದ ಅಂಥ ಕಾಗದ ಹೊರಗೆ ಹೋಗುವುದಕ್ಕೆ ಸಾಧ್ಯವೇ ಇರಲಿಲ್ಲ.

ನಾವು ಇಂಧನವನ್ನು 36 ಗ್ಯಾಲನ್‌ಗೆ ಇಳಿಸಿ 2542ಕ್ಕೆ ತಂದೆವು. ಆಗ ಹಾರಿದರೆ ನಿಮಿಷಕ್ಕೆ 450 ಅಡಿ ಏರುವುದೇ ಕಷ್ಟವಾಯಿತು. ಯಲಹಂಕದ ಮನೆಗಳು ಮುಂಚಿಗಿಂತ ಹತ್ತಿರ ಕಂಡವು. ಅಕ್ಕನ ಮಗ ಎರಡು ವರ್ಷದಿಂದ ಇದನ್ನು ಹಾರಿಸುತ್ತಿದ್ದಾನೆ. ತನ್ನ ಮನೆಯವರ ತೂಕ ಕೈಗೆ ಬಂದಿದ್ದು ಇದೇ ಮೊದಲು ಅಂದ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸೆಸ್ನಾದ ಮುಂದಿನ ಸೀಟುಗಳು ವಿಮಾನದ ಸಮತೋಲದ ಬಿಂದುವಿನ ಹತ್ತಿರವೇ ಇವೆ. ಕೈಪಿಡಿಯಲ್ಲಿ ಮುಂದಿನ ಸೀಟಿನ ಆರ್ಮ್, ಅಂದರೆ ಅಳತೆ ಶುರುವಾಗುವ ಗೆರೆಯಿಂದ ಅದರ ದೂರ, 37 ಇಂಚು, ಹಿಂದಿನದು 73 ಇಂಚು. ನಾನೊಬ್ಬಳೇ ಕೂತ ವಿಮಾನದ ಸಿ.ಜಿ., ಅಂದರೆ ಆ ಸಮತೋಲದ ಬಿಂದು, ನನ್ನ ಲೆಕ್ಕದಲ್ಲಿ 40.8 ಇಂಚು. ನನ್ನ ಬದಲು 170 ಪೌಂಡಿನ ಆ ಮನುಷ್ಯ ಕೂತರೆ 40.7. ಇಂಚಿನ ಹತ್ತನೇ ಒಂದು ಭಾಗ ಅಷ್ಟೇ. ಆದರೆ ನಾನು ಗಿಡ್ಡ. ಪೆಡಲು ಎಟುಕಬೇಕಾದರೆ ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಳ್ಳಬೇಕು. ಕೈಪಿಡಿ ಇದಕ್ಕೂ ಜಾಗ ಬಿಟ್ಟಿದೆ, ಮುಂದಿನ ಸೀಟು 34ರಿಂದ 46 ಇಂಚಿನವರೆಗೆ ಸರಿಯಬಹುದು ಅನ್ನುತ್ತದೆ. ನಾನು 3 ಇಂಚು ಮುಂದೆ ಸರಿದರೆ ಸಿ.ಜಿ. ಇಂಚಿನ ಆರನೇ ಒಂದು ಭಾಗದಷ್ಟು ಸರಿಯುತ್ತದೆ. ಅಂದರೆ 23 ಕಿಲೋ ವ್ಯತ್ಯಾಸಕ್ಕಿಂತ ಸೀಟು ಎಳೆದುಕೊಳ್ಳುವುದೇ ಸಮತೋಲವನ್ನು ಜಾಸ್ತಿ ಬದಲಿಸುತ್ತದೆ! ಸಿಮ್ಯುಲೇಟರ್‌ನಲ್ಲಿ ನೋಟವನ್ನು ಮುಂದೆ ಹಿಂದೆ ಸರಿಸಬಹುದು. ತೂಕದ ಚುಕ್ಕೆ ಮಾತ್ರ ಫೈಲಿನಲ್ಲಿ ಬರೆದ ಜಾಗದಲ್ಲೇ ಇರುತ್ತದೆ. ತಾತನ ಗಾಡಿಯಲ್ಲಿ ಒಂದು ಗೇಣು ಸರಿದು ಕೂರುವುದು ಇಲ್ಲಿ ಆಗುವುದಿಲ್ಲ.

ಸೆಸ್ನಾದಲ್ಲಿ ಇದರಿಂದ ಅಪಾಯವೇನೂ ಇಲ್ಲ. ಎಂಜಿನ್ ಇಲ್ಲದೆ ತೇಲುವ ಗ್ಲೈಡರ್‌ನಲ್ಲಿ ಹಾಗಲ್ಲ. ಈ ಬರಹಕ್ಕೆ ಕೂತಿದ್ದೇ ಗ್ಲೈಡರ್ ವಿಷಯ ಹೇಳಬೇಕು ಅಂತ.

ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರ್‌ನ ಜೊತೆಗೇ ಏಎಸ್‌ಕೆ 21 ಎಂಬ ಗ್ಲೈಡರ್ ಬರುತ್ತದೆ. ಜರ್ಮನಿಯದು. ಎರಡು ಸೀಟು, ಒಂದರ ಹಿಂದೆ ಒಂದು. ರೆಕ್ಕೆಯ ಉದ್ದ 17 ಮೀಟರ್. ಖಾಲಿ ತೂಕ ಸುಮಾರು 360 ಕಿಲೋ, ಗರಿಷ್ಠ 600 ಕಿಲೋ. ಎಂಜಿನ್ ಇಲ್ಲ. ಮುಂದೆ ಕೂತವರ ಮೈಭಾರವೇ ಅದರ ಮೂಗನ್ನು ಕೆಳಗೆ ಇಟ್ಟಿರುತ್ತದೆ. ಅದಕ್ಕೇ ನಿಜವಾದ ಏಎಸ್‌ಕೆ 21ರಲ್ಲಿ ಒಬ್ಬರೇ ಹಾರುವಾಗ ಮುಂದಿನ ಸೀಟಿನಲ್ಲಿ ಕನಿಷ್ಠ 70 ಕಿಲೋ, ಗರಿಷ್ಠ 110 ಕಿಲೋ ಇರಬೇಕು ಅಂತ ನಿಯಮ. ಕಾಕ್‌ಪಿಟ್‌ನಲ್ಲೇ ಅದನ್ನು ಬರೆದು ಅಂಟಿಸಿರುತ್ತಾರೆ. ಕಮ್ಮಿ ಇದ್ದವರು ಸೀಸದ ತೂಕ ಸೇರಿಸಿಕೊಳ್ಳಬೇಕು.

ನನ್ನದು 54. ಅಂದರೆ ನಾನು ಹೋಗಿ ಕೂತರೆ ಇಳಿಸುತ್ತಾರೆ, ಅಥವಾ 16 ಕಿಲೋ ಸೀಸ ಹಾಕಿಸುತ್ತಾರೆ. ಪ್ಯಾರಾಶೂಟ್ ಕಟ್ಟಿಕೊಂಡರೆ ಅದೂ ಲೆಕ್ಕಕ್ಕೆ ಬರುತ್ತದೆ, ಸ್ವಲ್ಪ ಕಮ್ಮಿ ಸಾಕು.

ಸಿಮ್ಯುಲೇಟರ್‌ನಲ್ಲಿ 54 ಹಾಕಿದೆ. ಯಾರೂ ಇಳಿಸಲಿಲ್ಲ. ಎಳೆಯುವ ವಿಮಾನದ ಹಿಂದೆ ಎದ್ದೆ. ಮೂಗು ನಿಲ್ಲುತ್ತಲೇ ಇರಲಿಲ್ಲ. ಜಾಯ್‌ಸ್ಟಿಕ್ಕನ್ನು ಕೂದಲಷ್ಟು ಎಳೆದರೆ ಸಾಕು, ಮೇಲೇಳುತ್ತಿತ್ತು. ಬಿಟ್ಟರೆ ತಾನಾಗಿ ಸರಿಹೋಗುವುದು ತಡವಾಗುತ್ತಿತ್ತು. ಹಿಂದೆ ಭಾರವಾದ ಗಾಡಿಯಲ್ಲಿ ನೊಗ ಎದ್ದ ಹಾಗೇ. ನಿಜವಾದ ವಿಮಾನದಲ್ಲಿ ಇದರ ಮುಂದಿನ ಹಂತ ಗಿರಕಿ, ಅಂದರೆ ಸುತ್ತುತ್ತಾ ಕೆಳಗೆ ಬೀಳುವುದು. ಸಿ.ಜಿ. ಹಿಂದೆ ಹೋದಷ್ಟೂ ಗಿರಕಿಯಿಂದ ಹೊರಗೆ ಬರುವುದು ಕಷ್ಟ. ಏಎಸ್‌ಕೆ 21 ಎಷ್ಟು ಸಾಧುವಾದ ಗ್ಲೈಡರ್ ಅಂದರೆ, ಸಾಮಾನ್ಯವಾಗಿ ಅದು ಗಿರಕಿಗೆ ಹೋಗುವುದೇ ಇಲ್ಲ. ಗಿರಕಿ ಕಲಿಸಬೇಕಾದರೆ ಬಾಲಕ್ಕೆ ಬೇಕಂತಲೇ ತೂಕ ಕಟ್ಟುತ್ತಾರೆ. ಹಗುರಾದ ಮನುಷ್ಯರು ಸೀಸವಿಲ್ಲದೆ ಕೂತರೆ ಆಗುವುದು ಹೆಚ್ಚುಕಮ್ಮಿ ಅದೇ.

ಹಾಗಾಗಿ ನನ್ನ ಅನಿಸಿಕೆ ಇದು: ಲೆಕ್ಕ ನಿಜ, ಎಚ್ಚರಿಕೆ ಸಾಲದು. ಸಿಮ್ಯುಲೇಟರ್ ತೂಕದ ಪರಿಣಾಮವನ್ನು ತೋರಿಸಿತು. ಆದರೆ "ನೀನು ಇಲ್ಲಿ ಹೀಗೆ ಕೂರಬಾರದು" ಅನ್ನಲಿಲ್ಲ. ಗ್ಲೈಡರ್ ಕಲಿಯಲು ಹೋಗುವ ಮುಂಚೆ ಮನೆಯಲ್ಲಿ ಸಿಮ್ಯುಲೇಟರ್‌ನಲ್ಲಿ ಕಲಿಯುವ ಹುಡುಗಿಯರು, ಸಣ್ಣ ಮೈಯ ಹುಡುಗರು ಎಷ್ಟೋ ಜನ ಇದ್ದಾರೆ. ಅವರು 77 ಕಿಲೋ ಮನುಷ್ಯನ ಗ್ಲೈಡರ್‌ ಹಾರಿಸಿ ಕೈ ಪಳಗಿಸಿಕೊಳ್ಳುತ್ತಾರೆ. ಅವರದೇ ತೂಕದ ಗ್ಲೈಡರ್ ಬೇರೆ ಥರ ಇರುತ್ತದೆ. ಸೀಸದ ವಿಷಯ ಅವರಿಗೆ ಮೊದಲ ದಿನವೇ ಗೊತ್ತಾಗಬೇಕು ಅಲ್ವಾ?

ಬೇರೆ ಸಣ್ಣ ವಿಮಾನಗಳಲ್ಲೂ ಮನುಷ್ಯರ ಪಾಲು ದೊಡ್ಡದೇ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರು ಮಾಡಿದ ಹಂಸ-3 ಎರಡು ಸೀಟಿನ ವಿಮಾನ. ಗರಿಷ್ಠ ತೂಕ 750 ಕಿಲೋ. 85 ಕಿಲೋದ ಇಬ್ಬರು ಕೂತರೆ ವಿಮಾನದ ತೂಕದಲ್ಲಿ ಐದನೇ ಒಂದು ಪಾಲಿಗಿಂತ ಜಾಸ್ತಿ ಮನುಷ್ಯರೇ ಆದರು. ರಾಬಿನ್ಸನ್ ಆರ್22 ಹೆಲಿಕಾಪ್ಟರ್‌ನ ಗರಿಷ್ಠ ತೂಕ 622 ಕಿಲೋ. ಅಲ್ಲಿ ಇಬ್ಬರ ಪಾಲು ನಾಲ್ಕನೇ ಒಂದಕ್ಕಿಂತ ಜಾಸ್ತಿ. ಮೊದಲ ಸಲ ಒಬ್ಬರೇ ಹಾರಿದವರನ್ನು ಕೇಳಿ ನೋಡಿ. ಇನ್‌ಸ್ಟ್ರಕ್ಟರ್ ಇಳಿದುಹೋದ ಮೇಲೆ ವಿಮಾನ ಹೇಗೆ ಚಿಮ್ಮಿತು ಅನ್ನುವುದನ್ನೇ ಮೊದಲು ಹೇಳುತ್ತಾರೆ.

ದೊಡ್ಡ ವಿಮಾನಕ್ಕೆ ಬಂದರೆ ಕಥೆ ತಿರುಗುತ್ತದೆ. ಬೋಯಿಂಗ್ 737-800ರ ಗರಿಷ್ಠ ತೂಕ 79,000 ಕಿಲೋ. ಯುರೋಪಿನ ನಿಯಮದಲ್ಲಿ ಪೈಲಟ್‌ಗೆ 85 ಕಿಲೋ, ಕ್ಯಾಬಿನ್ ಸಿಬ್ಬಂದಿಗೆ 75 ಕಿಲೋ, ಕೈಚೀಲ ಸೇರಿ. ಇಬ್ಬರು ಪೈಲಟ್, ನಾಲ್ಕು ಜನ ಕ್ಯಾಬಿನ್ ಸಿಬ್ಬಂದಿ, ಒಟ್ಟು 470 ಕಿಲೋ. ನೂರಕ್ಕೆ ಒಂದು ಪಾಲೂ ಇಲ್ಲ. ಇವರ ತೂಕವನ್ನು ಪ್ರತ್ಯೇಕ ಬರೆಯುವುದಿಲ್ಲ. ಡ್ರೈ ಆಪರೇಟಿಂಗ್ ವೇಟ್ ಅಂತ ಒಂದು ಅಂಕಿ ಇರುತ್ತದೆ. ವಿಮಾನ, ಸಿಬ್ಬಂದಿ, ಅವರ ಚೀಲ, ಊಟದ ಗಾಡಿಗಳು ಎಲ್ಲ ಅದರೊಳಗೆ. ಸಿಮ್ಯುಲೇಟರ್‌ನ ದೊಡ್ಡ ವಿಮಾನಗಳಲ್ಲಿ ಪೈಲಟ್ ತೂಕದ ಸಾಲು ಕಾಣದಿದ್ದರೆ ಇದೇ ಕಾರಣ. ಮರೆತಿದ್ದಾರೆ ಅಂತ ಅಲ್ಲ. ಖಾಲಿ ತೂಕದೊಳಗೇ ಸೇರಿರುತ್ತದೆ. ಪೈಲಟ್‌ಗಳಿಗೆ ತರಬೇತಿ ಕೊಡುವ, ಕಾಲಿನ ಮೇಲೆ ಅಲ್ಲಾಡುವ ಲೆವೆಲ್ ಡಿ ಸಿಮ್ಯುಲೇಟರ್‌ಗಳಲ್ಲೂ ಹಾಗೇ. ಹಿಂದೆ ಕೂತ ಇನ್‌ಸ್ಟ್ರಕ್ಟರ್ ಇಂಧನವಿಲ್ಲದ ಒಟ್ಟು ತೂಕ, ಸಿ.ಜಿ., ಇಂಧನ ಇಷ್ಟನ್ನು ಹಾಕುತ್ತಾರೆ. ಸೀಟಿನಲ್ಲಿ ಕೂತವರು 55 ಕಿಲೋ ಇದ್ದರೇನು, 105 ಇದ್ದರೇನು, ಯಾರೂ ಕೇಳುವುದಿಲ್ಲ. ಆ ವಿಮಾನಕ್ಕೆ ಅದು ಸರಿ.

ಆದರೂ ಆ ಡ್ರೈ ಆಪರೇಟಿಂಗ್ ವೇಟ್ ಪ್ರತಿದಿನ ಒಂದೇ ಅಲ್ಲ. ಒಂದು ಬೆಳಗ್ಗೆ ನಾನು ಶೀಟ್ ಬರೆದು ಮುಗಿಸಿದ್ದೆ. ಸಿಬ್ಬಂದಿ ಇಬ್ಬರು, ನಾಲ್ವರು ಅಂತ ಹಾಕಿದ್ದೆ. ಕ್ಯಾಪ್ಟನ್ ಕಾಗದ ನೋಡಿ, ಪೆನ್ನು ಎತ್ತದೆ, "ನನ್ನ ಹಿಂದೆ ಜಂಪ್ ಸೀಟಿನಲ್ಲಿ ಒಬ್ಬರು ಇದ್ದಾರಲ್ಲಮ್ಮ" ಅಂದರು. ಕಾಕ್‌ಪಿಟ್‌ನಲ್ಲಿ ಕೂತ ಒಬ್ಬ ಹೆಚ್ಚಿನ ಮನುಷ್ಯ. ತೂಕ ಲೆಕ್ಕಕ್ಕೇ ಇಲ್ಲದಷ್ಟು ಕಮ್ಮಿ. ಆದರೆ ವಿಮಾನದ ಮೂಗಿನ ತುದಿಯಲ್ಲಿ, ರೆಕ್ಕೆಯಿಂದ ಬಹಳ ದೂರ. ತಿದ್ದಿ ಬರೆದುಕೊಟ್ಟೆ. ಅವರು ಒಂದು ಮಾತೂ ಬೈಯಲಿಲ್ಲ. ಅವತ್ತಿನಿಂದ ಕಾಕ್‌ಪಿಟ್‌ಗೆ ಹೋಗಿ ಜನ ಎಣಿಸದೆ ನಾನು ಒಂದು ಶೀಟೂ ಬರೆಯಲಿಲ್ಲ. ಸಿಮ್ಯುಲೇಟರ್‌ನ 737ಗಳಲ್ಲಿ ಆ ಜಂಪ್ ಸೀಟು ಚಂದವಾಗಿ ಕಾಣುತ್ತದೆ, ಮಡಚಬಹುದು, ಬಿಚ್ಚಬಹುದು. ಅಲ್ಲಿ ಒಬ್ಬರನ್ನು ಕೂರಿಸಿ ಅವರ ತೂಕ ಸೇರಿಸುವ ದಾರಿ ನನಗೆ ಸಿಕ್ಕಿಲ್ಲ.

ದೊಡ್ಡ ವಿಮಾನದಲ್ಲಿ ಒಬ್ಬರ ತೂಕ ಏನೂ ಅಲ್ಲ, ಆದರೆ ತಪ್ಪು ಸರಾಸರಿ ಬಹಳ ದೊಡ್ಡದು. 2003ರ ಜನವರಿ 8ರಂದು ಅಮೆರಿಕದ ಶಾರ್ಲೆಟ್‌ನಲ್ಲಿ 19 ಸೀಟಿನ ಬೀಚ್ 1900ಡಿ ವಿಮಾನ ಮೇಲೇಳುತ್ತಿದ್ದಂತೆ ಮೂಗೆತ್ತಿ ಬಿದ್ದಿತು. 21 ಜನ ಹೋದರು. ಮೂಗನ್ನು ಏರಿಸಿ ಇಳಿಸುವ, ಬಾಲದ ಎಲಿವೇಟರ್‌ನ ಕೇಬಲ್ ರಿಪೇರಿಯಲ್ಲಿ ತಪ್ಪಾಗಿತ್ತು. ಅದರ ಮೇಲೆ ಭಾರ ಹಿಂದೆ ಜಾಸ್ತಿಯಾಗಿತ್ತು. ಲೆಕ್ಕದ ಕಾಗದದಲ್ಲಿ ಮಾತ್ರ ಎಲ್ಲ ಸರಿ ಇತ್ತು, ಯಾಕೆಂದರೆ ಅದು ಹಳೆಯ ಸರಾಸರಿ ತೂಕದ ಮೇಲೆ ಬರೆದ ಕಾಗದ. ಆಮೇಲೆ ಅಮೆರಿಕದಲ್ಲಿ ಸರಾಸರಿ ತೂಕವನ್ನೇ ಹೆಚ್ಚಿಸಿದರು. ಆ ವರದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಬರೆಯುತ್ತಿದ್ದುದೂ ಅಂಥದೇ ಕಾಗದ ತಾನೇ.

ಕಂಪ್ಯೂಟರ್ ಬಂದ ಮೇಲೂ ಇದು ತಪ್ಪಿಲ್ಲ. 2020ರ ಜುಲೈನಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಮಯೋರ್ಕಾಕ್ಕೆ ಹೊರಟ ಒಂದು 737-800ರಲ್ಲಿ "ಮಿಸ್" ಅಂತ ಹೆಸರಿನ ಮುಂದಿದ್ದ 38 ಮಹಿಳೆಯರನ್ನು ಸಾಫ್ಟ್‌ವೇರ್ ಮಕ್ಕಳು ಅಂತ ಎಣಿಸಿತು. ಒಬ್ಬೊಬ್ಬರಿಗೆ 69 ಕಿಲೋ ಬದಲು 35 ಕಿಲೋ. ವಿಮಾನದ ನಿಜವಾದ ತೂಕಕ್ಕಿಂತ ಕಾಗದದಲ್ಲಿ ಒಟ್ಟಾರೆ 1244 ಕಿಲೋ ಕಮ್ಮಿ ಇತ್ತು. ವಿಮಾನ ಸುರಕ್ಷಿತವಾಗಿ ಹೋಯಿತು. ಅಕ್ಕನ ಮಗನಿಗೆ ಇದನ್ನು ಹೇಳಿದೆ. ಅವನು 737ಕ್ಕೆ ಅಷ್ಟು ತೂಕ ಸದ್ದಿಲ್ಲದೆ ಸೇರಿಸಿ, ಹಳೆಯ ವೇಗದ ಅಂಕಿಗಳಲ್ಲೇ ಎಬ್ಬಿಸಿ ನೋಡಿದ. ಎದ್ದಿತು, ಆದರೆ ಸ್ವಲ್ಪ ತಡವಾಗಿ, ಸ್ವಲ್ಪ ಮಂಕಾಗಿ. ಪೈಲಟ್‌ಗೆ ಏನೋ ಸರಿ ಇಲ್ಲ ಅನ್ನಿಸಬಹುದು, ಏನು ಅಂತ ಗೊತ್ತಾಗುವುದಿಲ್ಲ. ಇಂಥದನ್ನು ಮನೆಯಲ್ಲಿ ಕೂತು, ಯಾರ ಜೀವಕ್ಕೂ ಅಪಾಯವಿಲ್ಲದೆ ಮಾಡಿ ನೋಡಬಹುದಲ್ಲ, ಅದಕ್ಕೇ ನನಗೆ ಈ ಸಿಮ್ಯುಲೇಟರ್‌ಗಳ ಮೇಲೆ ಪ್ರೀತಿ ಬಂದಿದೆ.

ಎಕ್ಸ್-ಪ್ಲೇನ್ 12ರಲ್ಲಿ ಒಂದೊಂದು ಸೀಟಿಗೂ ಬೇರೆ ಬೇರೆ ತೂಕ ಹಾಕುವ ಹಾಗೆ ಮಾಡಿದ್ದಾರೆ. ಅದಕ್ಕೂ ಮುಂಚಿನದರಲ್ಲಿ ಪೇಲೋಡ್ ಅಂತ ಒಂದೇ ಪಟ್ಟಿ ಇತ್ತು, ಎಲ್ಲರನ್ನೂ ಒಂದೇ ಮೂಟೆ ಕಟ್ಟಿದ ಹಾಗೆ. ಇದು ಒಳ್ಳೆಯ ಬದಲಾವಣೆ. ಮಾಡುವವರು ಇನ್ನೊಂದು ಮಾಡಿದರೆ ಸಾಕು ಅನಿಸುತ್ತದೆ. ಪೈಲಟ್ ಸಾಲನ್ನು ಖಾಲಿ ಬಿಡಲಿ. ಮೊದಲ ಸಲ ತೆರೆದಾಗ "ನಿಮ್ಮ ತೂಕ ಎಷ್ಟು?" ಅಂತ ಕೇಳಲಿ. ಸೀಟಿಗೆ ಕನಿಷ್ಠ ತೂಕ ಬೇಕಾದ ಗ್ಲೈಡರ್ ಆದರೆ ಅದನ್ನೂ ಹೇಳಲಿ. ಅಲ್ಲಿಯವರೆಗೆ ನೀವೇ ಆ ಪುಟ ತೆರೆದು ನಿಮ್ಮ ಅಂಕಿ ಹಾಕಿ. ಬಟ್ಟೆ, ಬೂಟು ಹಾಕಿಕೊಂಡು ತೂಗಿದ ಅಂಕಿ.

ನಮ್ಮ ಮನೆಯ ಬಾತ್‌ರೂಮಿನ ತೂಕದ ಯಂತ್ರ ಈಗ ನಡುಮನೆಯ ಆ ಮೇಜಿನ ಕೆಳಗೆ ಇದೆ. ಸಂಕ್ರಾಂತಿಗೆ ಬಂದಾಗ ಅಕ್ಕನ ಮಗ ಎಳ್ಳುಬೆಲ್ಲ ಕೊಡುವ ಮುಂಚೆ ಅದರ ಮೇಲೆ ನಿಂತ. 93.5. ಪೌಂಡ್‌ನಲ್ಲಿ 206. "ಇವತ್ತು ಮೂರು ಪೌಂಡ್ ಜಾಸ್ತಿ ಚಿಕ್ಕಮ್ಮ, ಅರ್ಧ ಗ್ಯಾಲನ್ ಕಮ್ಮಿ ಹಾಕ್ತೀನಿ" ಅಂದು ಜಕ್ಕೂರು ತೆರೆದ.